ನೀಲಮಣಿ ಮತ್ತು ಮಾಣಿ

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಊರು, ಮತ್ತೆ ಆಫೀಸು... ಹೀಗೇ ಓಡಾಟ. "ಎಲ್ಲಿ ಮಾಯವಾಗಿದೀಯೆ?" ಅಂತ ಕೇಳಿದವರಿಗೆಲ್ಲ "ಬರೀತೀನಿ, ಬರೀತೀನಿ" ಅಂತ ಹೇಳಿ ಹೇಳಿ ನನಗೇ ನಾಚಿಕೆ ಬಂದಿತ್ತು. ಇವತ್ತು ಕೂತಿದ್ದೇನೆ. ಬರೆಯಲು ಹೊರಟಿರುವುದು ಒಂದು ಜಪಾನಿ ಕಾಮಿಕ್ಸ್ ಬಗ್ಗೆ. ಓಹೋ, ಮಕ್ಕಳ ಪುಸ್ತಕವಾ ಅಂತ ಎದ್ದು ಹೋಗಬೇಡಿ ಮಾರಾಯ್ರೆ, ಸ್ವಲ್ಪ ಕೂತ್ಕೊಳ್ಳಿ. ಇದರಲ್ಲಿ ನಮ್ಮೂರಿನ ಅಡಿಕೆ ತೋಟವೂ ಬರುತ್ತದೆ.

ಕಾಮಿಕ್ಸಿನ ಹೆಸರು 'ರಿಬ್ಬನ್ ನೋ ಕಿಶಿ'. ರಿಬ್ಬನ್ನಿನ ವೀರ ಅನ್ನಬಹುದೇನೋ. ಇಂಗ್ಲಿಷಿನಲ್ಲಿ 'ಪ್ರಿನ್ಸೆಸ್ ನೈಟ್' ಅಂತ ಬಂದಿದೆ. ಮಾಡಿದವರು ಒಸಾಮು ತೆಜುಕಾ. 'ಆಸ್ಟ್ರೋ ಬಾಯ್' ಚಿತ್ರಿಸಿದವರು ಅಂದರೆ ಕೆಲವರಿಗೆ ಗೊತ್ತಾಗಬಹುದು, ಬುದ್ಧನ ಜೀವನವನ್ನು ಸಾವಿರಾರು ಪುಟದ ಕಾಮಿಕ್ಸ್ ಮಾಡಿದವರು ಅಂದರೆ ಇನ್ನು ಕೆಲವರಿಗೆ. ಓದಿದ್ದು ಡಾಕ್ಟರಿಕೆ, ಮಾಡಿದ್ದು ಚಿತ್ರ ಬರೆಯುವ ಕೆಲಸ. (ಮೆಕ್ಯಾನಿಕಲ್ ಓದಿ ಜಾವಾ ಬರೆಯುವ ನನ್ನಂಥವರಿಗೆ ಇದು ಕೇಳಿ ಖುಷಿಯಾಗುತ್ತದೆ.) 1953ರಿಂದ 1956ರವರೆಗೆ 'ಶೋಜೋ ಕ್ಲಬ್' ಅನ್ನುವ ಹುಡುಗಿಯರ ಮಾಸಿಕದಲ್ಲಿ ಧಾರಾವಾಹಿಯಾಗಿ ಬಂತು. 1963ರಿಂದ 'ನಕಾಯೋಶಿ' ಅನ್ನುವ ಇನ್ನೊಂದು ಪತ್ರಿಕೆಗಾಗಿ ಅವರೇ ಕಥೆಯನ್ನು ಹೊಸದಾಗಿ ಬರೆದರು. ನಾನು ಓದಿದ್ದು ಆ ಎರಡನೆಯದರ ಇಂಗ್ಲಿಷ್ ಅನುವಾದ, 2011ರಲ್ಲಿ ಎರಡು ಸಂಪುಟವಾಗಿ ಬಂದದ್ದು.

ಕಥೆ ಶುರುವಾಗುವುದು ಸ್ವರ್ಗದಲ್ಲಿ. ಹುಟ್ಟಲಿರುವ ಮಕ್ಕಳೆಲ್ಲ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿರುತ್ತವೆ. ಗಂಡಾಗುವ ಮಗುವಿಗೆ ನೀಲಿ ಹೃದಯ, ಹೆಣ್ಣಾಗುವ ಮಗುವಿಗೆ ಗುಲಾಬಿ ಹೃದಯ. ಗುಳಿಗೆ ನುಂಗಿದ ಹಾಗೆ ನುಂಗಿ ಭೂಮಿಗೆ ಇಳಿಯುವುದು. ಟಿಂಕ್ ಅನ್ನುವ ಒಬ್ಬ ತರಲೆ ದೇವದೂತ ತಮಾಷೆಗೆ ಒಂದು ಮಗುವಿಗೆ ನೀಲಿ ಹೃದಯ ನುಂಗಿಸಿಬಿಡುತ್ತಾನೆ. ದೇವರಿಗೆ ಅದು ಗೊತ್ತಿಲ್ಲ, ಇದು ಹೆಣ್ಣಾಗಬೇಕು ಅಂತ ಗುಲಾಬಿಯದನ್ನೂ ಕೊಡುತ್ತಾನೆ. ಹಾಗೆ ಎರಡು ಹೃದಯ ಹೊತ್ತು ಸಿಲ್ವರ್‌ಲ್ಯಾಂಡ್ ಅನ್ನುವ ರಾಜ್ಯದ ಅರಮನೆಯಲ್ಲಿ ಹುಟ್ಟುವವಳು ಸಫೈರ್. ಅಂದರೆ ನೀಲಮಣಿ. ಆ ರಾಜ್ಯದಲ್ಲಿ ಗಂಡಿಗೆ ಮಾತ್ರ ಪಟ್ಟ. ಗಂಡು ಹುಟ್ಟದಿದ್ದರೆ ಸಿಂಹಾಸನ ಡ್ಯೂಕ್ ಡ್ಯುರಾಲುಮಿನ್ ಎಂಬವನ ಮಗನ ಪಾಲು. ಆ ಮಗನ ಹೆಸರು ಪ್ಲಾಸ್ಟಿಕ್. ಅರಮನೆಯ ವೈದ್ಯರ ನಾಲಿಗೆ ತೊದಲಿ 'ರಾಜಕುಮಾರಿ' ಅನ್ನುವುದು 'ರಾಜಕುಮಾರ' ಆಗಿ ಊರಿಗೆಲ್ಲ ಡಂಗುರ ಹೋಗಿಬಿಡುತ್ತದೆ. ತಪ್ಪನ್ನು ತಿದ್ದಲು ಯಾರೂ ಹೋಗುವುದಿಲ್ಲ. ಅಲ್ಲಿಂದ ಸಫೈರ್ ಲೋಕದ ಕಣ್ಣಿಗೆ ರಾಜಕುಮಾರ. ಕತ್ತಿವರಸೆ, ಕುದುರೆ ಸವಾರಿ, ದರ್ಬಾರು. ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಒಂದಿಷ್ಟು ಹೊತ್ತು ಹುಡುಗಿ.

ಹೆಸರುಗಳನ್ನು ನೋಡಿ ಒಬ್ಬಳೇ ನಕ್ಕಿದ್ದೆ. ಡ್ಯುರಾಲುಮಿನ್, ಅವನ ಬಾಲಬಡುಕ ನೈಲಾನ್, ಮಗ ಪ್ಲಾಸ್ಟಿಕ್. ಒಳ್ಳೆಯವರಿಗೆಲ್ಲ ಬೆಳ್ಳಿ, ಬಂಗಾರ, ರತ್ನದ ಹೆಸರು, ಕೇಡಿಗಳಿಗೆಲ್ಲ ಕಾರ್ಖಾನೆಯ ಮಾಲಿನ ಹೆಸರು. ಡ್ಯುರಾಲುಮಿನ್ ಅಂದರೆ ಅಲ್ಯೂಮಿನಿಯಮ್ಮಿಗೆ ಸ್ವಲ್ಪ ತಾಮ್ರ ಸೇರಿಸಿ ಮಾಡುವ ಮಿಶ್ರಲೋಹ, ವಿಮಾನಕ್ಕೆ ಬಳಸುತ್ತಿದ್ದರು. ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ನಾನು ನೆನಪಿಟ್ಟುಕೊಂಡಿದ್ದು ಅದೊಂದೇ ಪಾಠ. ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ಅದನ್ನು ಕಂಡುಹಿಡಿದದ್ದು. ಕಾಯಿಸಿ, ಫಕ್ಕನೆ ತಣಿಸಿ, ಸುಮ್ಮನೆ ಬದಿಗಿಟ್ಟರೆ ಅದು ದಿನ ಕಳೆದಂತೆ ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಾನು ಅಪ್ಪ ಅಮ್ಮನಿಗೆ ಒಬ್ಬಳೇ. ಸಾಗರದ ಹತ್ತಿರ ಒಂದು ಹಳ್ಳಿ ನಮ್ಮದು. ನಮ್ಮ ಮನೆಮಾತಿನಲ್ಲಿ 'ಕೂಸು' ಅಂದರೆ ಹುಡುಗಿ, 'ಮಾಣಿ' ಅಂದರೆ ಹುಡುಗ. ಅಪ್ಪ ನನ್ನನ್ನು ಕರೆಯುತ್ತಿದ್ದದ್ದು ಮಾಣಿ ಅಂತ. ಬಂದ ನೆಂಟರು "ಒಂದು ಗಂಡು ಆಗಿದ್ದರೆ ಚೆನ್ನಾಗಿತ್ತು" ಅಂತ ಬಾಯಿ ಚಪ್ಪರಿಸಿದರೆ ಸಾಕು, "ಇದು ಕೂಸಲ್ಲ, ಮಾಣಿ" ಅಂತ ಬೆನ್ನು ತಟ್ಟಿ ಮುಂದೆ ನಿಲ್ಲಿಸುತ್ತಿದ್ದ. ಏಳನೇ ಕ್ಲಾಸಿನವರೆಗೂ ಬಾಯ್ ಕಟ್. ಕೊನೆಕೊಯ್ಲಿನ ದಿನ ಕೊನೆಗೌಡನ ಹಿಂದೆ ತೋಟವೆಲ್ಲ ಸುತ್ತುತ್ತಿದ್ದದ್ದು ನಾನು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಲೂನಾ ಓಡಿಸಿಕೊಂಡು ಸೊಸೈಟಿಗೆ ಹೋಗಿ ಬರುತ್ತಿದ್ದೆ. ನನಗೆ ಅದರಲ್ಲಿ ಎಷ್ಟು ಹೆಮ್ಮೆ ಇತ್ತು ಅಂತೀರಾ! ಕ್ಲಾಸಿನ ಬೇರೆ ಹುಡುಗಿಯರನ್ನು ಕಂಡರೆ ಒಂಥರಾ ಅಸಡ್ಡೆ. ಅವರು ಹುಡುಗಿಯರು, ನಾನು ಮಾಣಿ.

ಆದರೆ ಎಂಟನೇ ಕ್ಲಾಸಿನಿಂದ ತಿಂಗಳಿಗೆ ಮೂರು ದಿನ ಮಾಣಿ ಮಾಯವಾಗುತ್ತಿದ್ದ. ಹಿತ್ತಿಲಕಡೆಯ ಜಗಲಿಯಲ್ಲಿ ಚಾಪೆ, ಬೇರೆ ಲೋಟ, ಬೇರೆ ತಟ್ಟೆ. ಆ ಮೂರು ದಿನ ಅಪ್ಪ ನನ್ನನ್ನು ಏನಂತಲೂ ಕರೆಯುತ್ತಿರಲಿಲ್ಲ. ತೋಟಕ್ಕೆ ಹೊರಟರೆ ಆ ಕಡೆ ತಿರುಗದೆ ಹೋಗುತ್ತಿದ್ದ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಕೂಡಲೇ "ಏ ಮಾಣಿ, ಪೇಪರ್ ತಗಂಡು ಬಾ". ನಾವಿಬ್ಬರೂ ಆ ಮೂರು ದಿನ ಇರಲೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದೆವು. ಸಫೈರ್ ಬಾಗಿಲು ಹಾಕಿಕೊಂಡು ಹುಡುಗಿಯಾಗುವ ಪುಟಗಳನ್ನು ಓದುವಾಗ ಮೊದಲು ನೆನಪಾಗಿದ್ದು ಆ ಜಗಲಿ. ಅವಳು ಬಾಗಿಲ ಹಿಂದೆ ಖುಷಿಯಾಗಿರುತ್ತಾಳೆ, ಗೌನು ಹಾಕುತ್ತಾಳೆ. ನಾನು ಮೂರು ದಿನ ಸುಧಾ, ತರಂಗದ ಹಳೇ ಸಂಚಿಕೆ ಓದುತ್ತಾ ಎಷ್ಟು ಹೊತ್ತಿಗೆ ಮತ್ತೆ ಮಾಣಿ ಆಗುತ್ತೇನೋ ಅಂತ ಕಾಯುತ್ತಿದ್ದೆ.

ಜಪಾನಿಗೆ ಹೋದದ್ದು 2023ರಲ್ಲಿ. ಕ್ಲೈಂಟ್ ಕೆಲಸಕ್ಕೆ ಒಸಾಕಾದಲ್ಲಿ ಎಂಟು ತಿಂಗಳು. ಒಂದು ಭಾನುವಾರ ಬೇಜಾರಾಗಿ ಉಮೇದಾ ಸ್ಟೇಷನ್ನಿನಲ್ಲಿ ಹಾನ್‌ಕ್ಯೂ ರೈಲು ಹತ್ತಿ ಕೊನೇ ನಿಲ್ದಾಣದವರೆಗೆ ಹೋದೆ. ಆ ಊರು ತಕರಾಜುಕಾ. ಅದರ ಕಥೆಯೇ ಒಂದು ಸ್ವಾರಸ್ಯ. ಆ ರೈಲು ಕಂಪನಿ ಕಟ್ಟಿದ ಇಚಿಜೋ ಕೊಬಯಾಶಿ, ಹಳಿ ಹಾಕಿದ್ದೇನೋ ಆಯ್ತು, ಕೊನೇ ಸ್ಟೇಷನ್ನಿನವರೆಗೆ ಜನ ಬರಬೇಕಲ್ಲ ಅಂತ ಅಲ್ಲೊಂದು ಹುಡುಗಿಯರ ಸಂಗೀತ ನಾಟಕ ತಂಡ ಕಟ್ಟಿದರು. 1914ರಲ್ಲಿ ಮೊದಲ ಪ್ರದರ್ಶನ. ಇವತ್ತಿಗೂ ನಡೆಯುತ್ತಿದೆ. ಎಲ್ಲ ಪಾತ್ರವೂ ಹೆಂಗಸರದೇ. ಗಂಡು ಪಾತ್ರ ಮಾಡುವವರಿಗೆ 'ಒತೊಕೊಯಾಕು' ಅಂತ ಹೆಸರು, ಅಭಿಮಾನಿಗಳು ಮುಗಿಬೀಳುವುದು ಹೆಚ್ಚಾಗಿ ಅವರಿಗೇ. ತೆಜುಕಾ ಐದು ವರ್ಷದ ಹುಡುಗನಾಗಿದ್ದಾಗ ಮನೆಯವರು ಆ ಊರಿಗೆ ಬಂದರು. ಅಮ್ಮನಿಗೆ ಈ ನಾಟಕದ ಹುಚ್ಚು, ಮಗನನ್ನೂ ಕರೆದುಕೊಂಡು ಹೋಗುತ್ತಿದ್ದರಂತೆ. ಪಕ್ಕದ ಮನೆಯಲ್ಲೇ ಆ ತಂಡದ ನಟಿಯರಿದ್ದರು. ಪ್ಯಾಂಟು, ಬೂಟು ಹಾಕಿ ರಾಜಕುಮಾರನಾಗಿ ಹಾಡುವ ಹೆಂಗಸರನ್ನು ನೋಡಿಕೊಂಡು ಬೆಳೆದ ಹುಡುಗ ಮುಂದೆ ಸಫೈರಳನ್ನು ಬರೆದ. ಆ ದೊಡ್ಡ ದೊಡ್ಡ ಹೊಳೆಯುವ ಕಣ್ಣುಗಳೂ ಆ ರಂಗದ ಮೇಕಪ್ಪಿನಿಂದ ಬಂದವು ಅನ್ನುವ ಮಾತಿದೆ.

(ನಮ್ಮಲ್ಲೂ ಇದ್ದರಲ್ಲ! ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದೇ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದವರು. ಅವರ ಕಂಸನ ಪಾತ್ರದ ಬಗ್ಗೆ ನೋಡಿದವರು ಹೇಳುವುದನ್ನು ಕೇಳಬೇಕು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಇವರ ಮೇಲೆ ಯಾರಾದರೂ ಸರಿಯಾಗಿ ಬರೀರಪ್ಪಾ.)

ಸ್ಟೇಷನ್ನಿಂದ ನಡೆದುಕೊಂಡು ಹೋದರೆ ನಾಟಕಶಾಲೆ ದಾಟಿ ಸ್ವಲ್ಪ ದೂರದಲ್ಲೇ ತೆಜುಕಾ ಹೆಸರಿನ ಮ್ಯೂಸಿಯಂ, 1994ರಲ್ಲಿ ಶುರುವಾದದ್ದು. ಬಾಗಿಲಲ್ಲಿ ಬೆಂಕಿಹಕ್ಕಿಯ ಪ್ರತಿಮೆ. ನಾನು ಅದರ ಮುಂದೆ ನಿಂತು ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ನೀಲಿ ಗೆರೆ ಬೀಳಲಿಲ್ಲ. ಮರುದಿನ ಅಣ್ಣ, ಅಂದರೆ ದೊಡ್ಡಪ್ಪನ ಮಗ, "ಚಿಕ್ಕಪ್ಪನ ಫೋನು ರಿಪೇರಿಗೆ ಕೊಟ್ಟಿದ್ದು" ಅಂದ. ನಂಬಿದೆ. ನಾನು ಬೆಂಕಿಹಕ್ಕಿಯ ಮುಂದೆ ಹಲ್ಲು ಕಿರಿದು ನಿಂತಿದ್ದ ಹೊತ್ತಿಗೆ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ. ಕಾರು ಓಡಿಸಿಕೊಂಡು ಹೋಗಿದ್ದು ಅಣ್ಣ, ರಾತ್ರಿ ಬೆಂಚಿನ ಮೇಲೆ ಮಲಗಿದ್ದು ಅಣ್ಣ. "ಮಾಣಿಗೆ ಹೇಳಡಿ, ಅಷ್ಟು ದೂರದಿಂದ ಓಡಿ ಬರ್ತು" ಅಂದಿದ್ದನಂತೆ ಅಪ್ಪ. ನನಗೆ ಇದೆಲ್ಲ ಗೊತ್ತಾಗಿದ್ದು ವಾಪಸ್ ಬಂದ ಮೇಲೆ.

2024ರ ಮಳೆಗಾಲದಲ್ಲಿ ಅಪ್ಪ ಹೋದ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಮನೆ ತಲುಪಿದೆ. ಜಗಲಿ ತುಂಬ ಜನ, ಹೊರಗೆ ಜಡಿಮಳೆ. ಪುರೋಹಿತರು ಕೇಳಿದರು, ಕ್ರಿಯೆಗೆ ಕೂರುವವರು ಯಾರು ಅಂತ. ದೊಡ್ಡಪ್ಪ ಹೇಳಿದರು, "ನಮ್ಮನೆ ಮಾಣಿ ಇದ್ದನಲ್ಲ."

ನಾನು ಒಂದು ಹೆಜ್ಜೆ ಮುಂದೆ ಬಂದೆ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ಇಪ್ಪತ್ತೇಳು ವರ್ಷ ಮಾಣಿ ಅಂದರೆ ನಾನು ಅಂತಲೇ ಕೇಳಿದ ಕಿವಿ. ಕಾಲು ತಾನಾಗಿಯೇ ಮುಂದೆ ಹೋಯಿತು. ದೊಡ್ಡಪ್ಪ ಹೇಳಿದ್ದು ಅವರ ಮಗನನ್ನು. ಅಣ್ಣ ಆಗಲೇ ಅಂಗಿ ಬಿಚ್ಚಿ ನಿಂತಿದ್ದ. ಯಾರೋ ಒಬ್ಬರು ಅತ್ತೆ ನನ್ನ ತೋಳು ಹಿಡಿದು "ಕೂಸೇ, ಅಮ್ಮನ ಹತ್ರ ಕೂರು ಬಾ" ಅಂತ ಒಳಗೆ ಕರೆದುಕೊಂಡು ಹೋದರು. ಪಾಪ, ಅವರು ಪ್ರೀತಿಯಿಂದಲೇ ಹೇಳಿದ್ದು. ಬಹುಶಃ ಯಾರೂ ಗಮನಿಸಲಿಲ್ಲ. ಅಣ್ಣ ಮಾತ್ರ ನೋಡಿದ್ದ ಅಂತ ಆಮೇಲೆ ಗೊತ್ತಾಯಿತು.

ಅಲ್ಲಿಂದ ಹತ್ತು ತಿಂಗಳಿಗೆ ಫೋನಿಗೆ ಒಂದು ಪಿಡಿಎಫ್ ಬಂತು. ಹಕ್ಕು ಖುಲಾಸೆ ಪತ್ರದ ಕರಡು. ತೋಟ ದೊಡ್ಡಪ್ಪ, ಅಪ್ಪ ಇಬ್ಬರ ಹೆಸರಿನ ಜಂಟಿ ಖಾತೆ, ಪಾಲಾಗಿರಲಿಲ್ಲ. ಅಮ್ಮ, ನಾನು ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಸಹಿ ಹಾಕಬೇಕು. ದೊಡ್ಡಪ್ಪ ಫೋನಿನಲ್ಲಿ ಒಳ್ಳೆಯ ಮಾತಿನಲ್ಲೇ ಹೇಳಿದರು. "ಕೂಸೇ, ನೀನು ನಾಳೆ ಮದುವೆಯಾಗಿ ಹೋಗುವವಳು. ತೋಟ ನೋಡಿಕೊಳ್ಳುವವ ಇವನು. ನಿನ್ನ ಅಮ್ಮನಿಗೆ ಕೊನೆವರೆಗೆ ಏನೂ ಕಮ್ಮಿಯಾಗುವುದಿಲ್ಲ, ನಾನಿದ್ದೇನೆ." ಅವರ ಬಾಯಲ್ಲೂ ನಾನು ಮಾಣಿಯೇ ಆಗಿದ್ದೆ, ಅಪ್ಪ ಇರುವವರೆಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಪಾಟಿನಲ್ಲಿ ವರ್ಷದಿಂದ ಹಾಗೇ ಕೂತಿದ್ದ ಎರಡು ಸಂಪುಟ ತೆಗೆದು ಓದಲು ಶುರು ಮಾಡಿದೆ. ಪಟ್ಟ, ಗಂಡು ಸಂತಾನ, ಡ್ಯೂಕು, ಅವನ ಮಗ... ಬೆಳಗಿನ ಜಾವ ಮೂರು ಗಂಟೆಗೆ ನಗು ತಡೆಯಲಾಗಲಿಲ್ಲ. ರೂಮ್‌ಮೇಟ್ ಎದ್ದು ಬಂದು "ಏನಾಯ್ತೇ?" ಅಂದಳು. "ನಮ್ಮ ದೊಡ್ಡಪ್ಪ ಈ ಪುಸ್ತಕದಲ್ಲಿ ಇದ್ದಾರೆ ಕಣೇ" ಅಂದೆ.

ಆಮೇಲೆ ನಗು ಬರಲಿಲ್ಲ. ಪಟ್ಟಾಭಿಷೇಕದ ಭಾಗ ಬಂತು. ಡ್ಯೂಕಿನ ಕಡೆಯವರು ರಾಣಿಗೆ, ಅಂದರೆ ಸಫೈರಳ ಅಮ್ಮನಿಗೆ, ನಿಜ ನುಡಿಸುವ ಮದ್ದು ಕುಡಿಸುತ್ತಾರೆ. ತುಂಬಿದ ಸಭೆಯಲ್ಲಿ ಅಮ್ಮನ ಬಾಯಿಂದಲೇ "ಇವಳು ಹೆಣ್ಣು" ಅನ್ನುವುದು ಹೊರಗೆ ಬೀಳುತ್ತದೆ. ಅಷ್ಟೇ. ಕಿರೀಟ ಹೋಯಿತು, ಪ್ಲಾಸ್ಟಿಕ್ ರಾಜನಾದ, ಅಮ್ಮ ಮಗಳು ಇಬ್ಬರೂ ಗೋಪುರದ ಸೆರೆಮನೆಗೆ. ಆ ಸೆರೆಯಲ್ಲಿ ಅವಳಿಗೆ ಇಲಿಗಳು ಸ್ನೇಹಿತರಾಗುತ್ತವೆ, ಅವಳು ಮುಖವಾಡ ಹಾಕಿಕೊಂಡು ರಿಬ್ಬನ್ನಿನ ವೀರ ಆಗುತ್ತಾಳೆ. ಮುಂದೆ ಮಾಟಗಾತಿ, ಕಡಲ್ಗಳ್ಳ ಕ್ಯಾಪ್ಟನ್ ಬ್ಲಡ್, ದೇವತೆ ವೀನಸ್, ಏನುಂಟು ಏನಿಲ್ಲ. ಫ್ರೀಬೆ ಅನ್ನುವ ಕತ್ತಿವರಸೆಯ ಹುಡುಗಿಯೊಬ್ಬಳು ಸಫೈರಳನ್ನು ಗಂಡು ಅಂದುಕೊಂಡು ಮದುವೆಯಾಗಲು ಬೆನ್ನು ಬೀಳುವುದಂತೂ ಭಾರೀ ಮಜಾ. ಪಕ್ಕದ ರಾಜ್ಯದ ರಾಜಕುಮಾರ ಫ್ರಾಂಜ್ ಜಾತ್ರೆಯ ರಾತ್ರಿ ಕುಣಿದ ಹೊಂಗೂದಲ ಹುಡುಗಿಯನ್ನು ಹುಡುಕುತ್ತಲೇ ಇರುತ್ತಾನೆ. ಅದು ಸಫೈರ್ ಹಾಕಿದ್ದ ವಿಗ್ಗು ಅಂತ ಅವನ ತಲೆಗೆ ಹೊಳೆಯುವುದೇ ಇಲ್ಲ. ನಾಯಕರು ಎಲ್ಲ ಭಾಷೆಯಲ್ಲೂ ಒಂದೇ ಅನ್ನಿ.

ಒಂದು ಕಡೆ ಮಾತ್ರ ತೆಜುಕಾ ಮೇಲೆ ಸಿಟ್ಟು ಬಂತು. ಆ ನೀಲಿ ಹೃದಯವನ್ನು ಹೊರಗೆ ತೆಗೆದ ಕ್ಷಣ ಸಫೈರಳ ಕೈಯಲ್ಲಿ ಬಲವೇ ಇರುವುದಿಲ್ಲ, ಕತ್ತಿ ಹಿಡಿಯಲಾಗುವುದಿಲ್ಲ. ಅಂದರೆ ಅಷ್ಟು ವರ್ಷ ಕಲಿತ ವಿದ್ಯೆ ಅವಳದ್ದಲ್ಲ, ಹೊಟ್ಟೆಯೊಳಗಿನ ಗಂಡು ಗುಳಿಗೆಯದ್ದು! ಇದೆಂಥ ಅನ್ಯಾಯ? 1953ರ ಪುಸ್ತಕ, ಆ ಕಾಲಕ್ಕೆ ಹುಡುಗಿಯ ಕೈಗೆ ಕತ್ತಿ ಕೊಟ್ಟದ್ದೇ ದೊಡ್ಡದು ಅಂತ ಹೇಳುವವರಿದ್ದಾರೆ. ಇರಬಹುದು. ಆದರೂ ಪುಸ್ತಕ ಮುಚ್ಚಿ ಎದ್ದು ಹೋಗಿ ನೀರು ಕುಡಿದು ಬಂದೆ. ಸಿಟ್ಟು ಪುಸ್ತಕದ ಮೇಲಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಲೂನಾ ಓಡಿಸಿದ್ದು, ಅರವತ್ತು ಜನರ ಮೆಕ್ಯಾನಿಕಲ್ ಕ್ಲಾಸಿನಲ್ಲಿ ನಾಲ್ಕೇ ಹುಡುಗಿಯರಲ್ಲಿ ಒಬ್ಬಳಾಗಿ ಲೇತ್ ಮುಂದೆ ನಿಂತಿದ್ದು, ಒಬ್ಬಳೇ ಒಸಾಕಾದಲ್ಲಿ ಇದ್ದು ಬಂದದ್ದು, ಇದನ್ನೆಲ್ಲ ಅಪ್ಪ ಯಾವ ಲೆಕ್ಕಕ್ಕೆ ಬರೆದುಕೊಂಡಿದ್ದ? ಕೂಸಿನ ಲೆಕ್ಕಕ್ಕೋ, ಮಾಣಿಯ ಲೆಕ್ಕಕ್ಕೋ? "ಮಗನ ಹಾಗೆ" ಅಂತ ಹೊಗಳುವಾಗ ಆ 'ಹಾಗೆ' ಅನ್ನುವ ಪದ ನನಗೆ ಒಂದು ದಿನವೂ ಕೇಳಿಸಿರಲಿಲ್ಲ.

ನಮ್ಮ ಶಿಖಂಡಿಯ ಕಥೆಯೂ ನೆನಪಾಯಿತು. ಅಪ್ಪನಿಗೆ 'ಭೀಷ್ಮ ವಿಜಯ' ಪ್ರಸಂಗ ಅಂದರೆ ಪ್ರಾಣ, ರಾತ್ರಿಯಿಡೀ ನನ್ನನ್ನು ಕೂರಿಸಿಕೊಂಡು ನೋಡಿದವನು. ಅದು ಅಂಬೆಯ ಕಥೆ. ಅಂಬೆ ಮತ್ತೆ ದ್ರುಪದನ ಮಗಳಾಗಿ ಹುಟ್ಟುವುದು ಮಹಾಭಾರತದ ಉದ್ಯೋಗಪರ್ವದಲ್ಲಿದೆ. ದ್ರುಪದನೂ ಮಾಡಿದ್ದು ಇದನ್ನೇ. ಹುಟ್ಟಿದ್ದು ಹೆಣ್ಣು, ಊರಿಗೆ ಸಾರಿದ್ದು ಗಂಡು ಅಂತ. ಬಿಲ್ವಿದ್ಯೆ ಕಲಿಸಿ, ದಶಾರ್ಣ ದೇಶದ ರಾಜಕುಮಾರಿಯ ಜೊತೆ ಮದುವೆಯನ್ನೂ ಮಾಡಿಬಿಟ್ಟ. ಗುಟ್ಟು ಹೊರಬಿದ್ದು ಮಾವ ಸೈನ್ಯ ಕಟ್ಟಿಕೊಂಡು ಬಂದಾಗ ಕಾಡಿಗೆ ಹೋಗಿ ಸಾಯಲು ಕೂತವಳು ಮಗಳು, ಅಪ್ಪನಲ್ಲ. ಸ್ಥೂಣಾಕರ್ಣ ಎಂಬ ಯಕ್ಷ ತನ್ನ ಗಂಡಸುತನವನ್ನು ಸಾಲ ಕೊಟ್ಟ, ಉಳಿದುಕೊಂಡಳು. ಅಲ್ಲಿ ಸಾಲ, ಇಲ್ಲಿ ಗುಳಿಗೆ. ಒಟ್ಟಿನಲ್ಲಿ ಹೊರಗಿನಿಂದ ತರಬೇಕು. ಹುಡುಗಿಯಾಗಿಯೇ ಕತ್ತಿ ಹಿಡಿಯಲಿ ಬಿಡಿ ಅಂತ ವ್ಯಾಸರಿಗೂ ಹೊಳೆಯಲಿಲ್ಲ, ತೆಜುಕಾಗೂ ಹೊಳೆಯಲಿಲ್ಲ.

ತೆಜುಕಾ 1958ರಲ್ಲಿ ಇದರ ಮುಂದುವರಿದ ಭಾಗ ಬರೆದರು. ಸಫೈರ್, ಫ್ರಾಂಜ್ ಮದುವೆಯಾಗಿ ಅವಳಿ ಮಕ್ಕಳು, ಗಂಡೊಂದು ಹೆಣ್ಣೊಂದು. ಗಂಡುಮಗು ಕಳೆದುಹೋಗುತ್ತದೆ. ಆಗ ಏನಾಗಬೇಕು ಹೇಳಿ? ಮಗಳು ವಯೊಲೆಟ್ಟಾ ಅಣ್ಣನ ವೇಷ ಹಾಕಬೇಕು! ಅಷ್ಟೆಲ್ಲ ಪಟ್ಟ ಅಮ್ಮನೇ ರಾಣಿಯಾಗಿ ಕೂತಿರುವ ಮನೆಯಲ್ಲಿ. ಜಪಾನಿನ ನಿಜವಾದ ಅರಮನೆಯ ಕಥೆಯೂ ಹೆಚ್ಚು ಬೇರೆಯಲ್ಲ. ಹಿಂದೆ ಎಂಟು ಜನ ಹೆಂಗಸರು ಆ ಪೀಠದಲ್ಲಿ ಕೂತಿದ್ದರು. 1889ರಲ್ಲಿ ಗಂಡಿಗೆ ಮಾತ್ರ ಅಂತ ಕಾನೂನಾಯಿತು, 1947ರ ಕಾನೂನೂ ಅದನ್ನೇ ಉಳಿಸಿಕೊಂಡಿತು. ಈಗಿನ ಚಕ್ರವರ್ತಿಗೆ ಒಬ್ಬಳೇ ಮಗಳು, ಐಕೋ, 2001ರಲ್ಲಿ ಹುಟ್ಟಿದವಳು. ಪಟ್ಟ ಅವಳಿಗಿಲ್ಲ. ಚಿಕ್ಕಪ್ಪನಿಗೆ, ಅವರ ನಂತರ ಚಿಕ್ಕಪ್ಪನ ಮಗನಿಗೆ.

ನಮ್ಮ ಕಾನೂನು ಈ ವಿಷಯದಲ್ಲಿ ವಾಸಿ. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿಯಾಗಿತ್ತು, ಇಡೀ ದೇಶಕ್ಕೆ 2005ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಇನ್ನೊಮ್ಮೆ ಬಿಡಿಸಿ ಹೇಳಿತು. ಅಷ್ಟಿದ್ದೂ ಖುಲಾಸೆ ಪತ್ರ ಅನ್ನುವುದೊಂದು ಇದೆಯಲ್ಲ, ಹೆಣ್ಣುಮಕ್ಕಳು ನಗುನಗುತ್ತಾ ಸಹಿ ಹಾಕಿ ಊಟ ಮಾಡಿ ಬರುವುದು. ದೊಡ್ಡಪ್ಪನ ಮಗಳು, ಅಕ್ಕ, ಮದುವೆಯಾದ ವರ್ಷವೇ ಹಾಕಿಕೊಟ್ಟಿದ್ದಳು. ಹಾಗಾಗಿ ದೊಡ್ಡಪ್ಪನಿಗೆ ತಾನು ಕೇಳುತ್ತಿರುವುದರಲ್ಲಿ ವಿಶೇಷ ಏನೂ ಕಂಡಿರಲಿಕ್ಕಿಲ್ಲ. ಅಕ್ಕ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ನೀನು ಹಾಕಬೇಡ" ಅಂತ ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಆದರೂ ನನಗೆ ಹಾಕಿಬಿಡೋಣ ಅನ್ನಿಸಿತ್ತು. ನಿಜ ಹೇಳ್ತಿದೀನಿ. ಯಾಕೆಂದರೆ ನಮ್ಮ ಅಣ್ಣ ಪ್ಲಾಸ್ಟಿಕ್ ಅಲ್ಲ. ಕೊಳೆರೋಗದ ಮಳೆಯಲ್ಲಿ ಎರಡೆರಡು ಸಲ ಬೋರ್ಡೋ ಹೊಡೆಸಿದವನು ಅವನು. ಎಲೆಚುಕ್ಕೆ ಬಂದು ಅರ್ಧ ತೋಟ ಹಳದಿಯಾದಾಗ ಒಂದೊಂದು ಮರದ ಬುಡದಲ್ಲಿ ನಿಂತು ನೋಡಿದವನು. ನನ್ನ ಅಪ್ಪನ ಬೆನ್ನಿಗೆ ಆಸ್ಪತ್ರೆಯಲ್ಲಿ ಎಣ್ಣೆ ತಿಕ್ಕಿದವನು. ನಾನು ಆ ಹೊತ್ತಿನಲ್ಲಿ ಎಲ್ಲಿದ್ದೆ? ಮಗ ಮಾಡುವ ಕೆಲಸವನ್ನೆಲ್ಲ ಮಾಡಿದವನು ಅವನು, ಮಗ ಅನ್ನಿಸಿಕೊಂಡವಳು ನಾನು. ಕಥೆಯಲ್ಲಾದರೆ ಎದುರಾಳಿ ಮೂರ್ಖನೋ ದುಷ್ಟನೋ ಆಗಿ ಕೆಲಸ ಸುಲಭ ಮಾಡಿಕೊಡುತ್ತಾನೆ.

ವರ್ಷದ ಕಾರ್ಯಕ್ಕೆ ಎಲ್ಲರೂ ಸೇರಿದ್ದೆವು. ಊಟವಾಗಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ದೊಡ್ಡಪ್ಪ ವಿಷಯ ತೆಗೆದರು. ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರೋಣ ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನಮ್ಮಮ್ಮ ಗಂಡಸರ ಮಾತಿನ ಮಧ್ಯೆ ಬಾಯಿ ಹಾಕಿದ್ದನ್ನು ನಾನು ಕಂಡಿಲ್ಲ. (ಮನೆಮಾತನ್ನು ಎಲ್ಲರಿಗೂ ತಿಳಿಯುವ ಹಾಗೆ ಮಾಡಿ ಬರೆಯುತ್ತಿದ್ದೇನೆ.)

"ಭಾವ, ಒಂದು ಮಾತು. ನಾನು ಹೆತ್ತದ್ದು ಹೆಣ್ಣುಮಗುವನ್ನು. ಮಾಣಿ ಮಾಣಿ ಅಂತ ಕರೆದದ್ದು ನೀವು, ಅವರು. ನಾನು ಒಂದು ದಿನವೂ ಹಾಗೆ ಕರೆದಿಲ್ಲ. ಇದು ಕೂಸು. ಕೂಸಿಗೆ ಪಾಲಿದೆ. ನಾನು ಸಹಿ ಹಾಕುವುದಿಲ್ಲ."

ಯಾರೂ ಮಾತಾಡಲಿಲ್ಲ. ನಿಜ, ಅಮ್ಮ ನನ್ನನ್ನು ಯಾವತ್ತೂ ಮಾಣಿ ಅಂತ ಕರೆದಿರಲಿಲ್ಲ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಪ್ಪನ ಮಾಣಿಯಾಗಿ ಮೆರೆಯುವ ಭರದಲ್ಲಿ ಒಳಗೆ ಅಡಿಗೆಮನೆಯಲ್ಲಿದ್ದವಳು ನನ್ನನ್ನು ಏನಂತ ಕರೆಯುತ್ತಾಳೆ ಅಂತ ಕಿವಿಗೊಟ್ಟಿದ್ದೆನಾ? ಯಾವ ಮದ್ದನ್ನೂ ಕುಡಿಸಿರಲಿಲ್ಲ ಅವಳಿಗೆ. ಹೇಳಿ ಮುಗಿಸಿ ಕಾಫಿಗೆ ನೀರಿಡಲು ಒಳಗೆ ಹೋದಳು. ದೊಡ್ಡಪ್ಪ ಶಾಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಲ್ಲಿಂದ ಇವತ್ತಿನವರೆಗೆ ನಮ್ಮ ಜೊತೆ ಮಾತಿಲ್ಲ. ಡ್ಯುರಾಲುಮಿನ್ ಪಾಠ ನೆನಪಿದೆಯಲ್ಲ, ಸುಮ್ಮನೆ ಬಿಟ್ಟಷ್ಟೂ ಗಟ್ಟಿ.

ಸಂಜೆ ತೋಟಕ್ಕೆ ಇಳಿದೆ. ಅಣ್ಣ ಕಾದಿಗೆ ನೋಡುತ್ತಿದ್ದ. ಸುಮಾರು ಹೊತ್ತು ಇಬ್ಬರೂ ಮರದ ತಲೆ ನೋಡುತ್ತಾ ನಡೆದೆವು. ಆಮೇಲೆ ಅವನೇ ಅಂದ, "ಅವತ್ತು ನೀನು ಮುಂದೆ ಬಂದಿದ್ದು ನೋಡಿದ್ದೆ. ನಂಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ." ನನಗೂ ಗೊತ್ತಾಗಿರಲಿಲ್ಲ ಅಂದೆ. ತೋಟ ಅವನೇ ನೋಡಿಕೊಳ್ಳಲಿ, ಖರ್ಚು ಕಳೆದು ನಮ್ಮ ಪಾಲಿನದರಲ್ಲಿ ಅವನಿಗೆ ಎಷ್ಟು ಅನ್ನುವುದನ್ನು ಕೂತು ಮಾತಾಡೋಣ ಅಂತ ಆಗಿದೆ. ಬರಹದಲ್ಲಿ ಇನ್ನೂ ಏನೂ ಆಗಿಲ್ಲ. ಅವನ ಅಪ್ಪಯ್ಯನ ಮುಂದೆ ಅವನಿಗೆ ಬಾಯಿ ಬರುವುದಿಲ್ಲ, ಅದೂ ನನಗೆ ಗೊತ್ತು.

ಕಳೆದ ವಾರ ಪೌತಿ ಖಾತೆಗೆ ಅರ್ಜಿ ಕೊಡಲು ಊರಿಗೆ ಹೋಗಿದ್ದೆ. ಅಮ್ಮ, ನಾನು. ಬೈಕಿನಲ್ಲಿ ಹಿಂದೆಯೇ ಅಣ್ಣ ಬಂದ, ನಾವು ಕರೆದಿರಲಿಲ್ಲ. ಅರ್ಜಿಯಲ್ಲಿ ಮೃತರ ಹೆಸರು, ಸರ್ವೆ ನಂಬರು, ವಾರಸುದಾರರ ಹೆಸರು ಎಲ್ಲ ಬರೆದೆ. ಅದರ ಪಕ್ಕದಲ್ಲಿ 'ಮೃತರಿಗೆ ಇರುವ ಸಂಬಂಧ' ಅಂತ ಒಂದು ಕಾಲಂ. ಅಮ್ಮನ ಹೆಸರಿನ ಮುಂದೆ 'ಹೆಂಡತಿ' ಅಂತ ಬರೆದೆ. ನನ್ನ ಹೆಸರಿನ ಮುಂದೆ ಬರೆಯಲು ಹೋದರೆ 'ಮ' ಬರೆದು ಪೆನ್ನು ನಿಂತೇಹೋಯಿತು. ಕೊಡವಿದೆ, ಅಂಗೈ ಮೇಲೆ ಗೀಚಿದೆ, ಊಹೂಂ.

ಅಣ್ಣ ಜೇಬಿನಿಂದ ತನ್ನ ಪೆನ್ನು ತೆಗೆದು ಕೊಟ್ಟ. 'ಗಳು' ಅಂತ ಸೇರಿಸಿದೆ. ಎರಡು ಬಣ್ಣದ ಇಂಕಾಯಿತು, ನಡೆಯುತ್ತಾ ಅಂತ ಕೌಂಟರಿನವರನ್ನು ಕೇಳಿದೆ. ನಡೆಯುತ್ತೆ ಕೊಡಿ ಅಂದರು.